ನಿಮಗಿದು ಗೊತ್ತೆ? ಮುದ್ದೆಯ ತುಣುಕೂ ನಾಯಿಯ ಹಟವೂ

ಕ್ಯಾಸಂಬಳ್ಳಿಯ ಯಾವುದಾದರೊಂದು ಮನೆಯಲ್ಲಿ ಮುದ್ದೆಕೋಲು ಪಾತ್ರೆಯ ಅಂಚಿಗೆ ತಗುಲಿದ ಸದ್ದಿಗೇ ಹಿತ್ತಿಲ ನಾಯಿಯ ಬಾಯಲ್ಲಿ ನೀರೂರುವುದನ್ನು ಕಂಡವರಿಗೆ, ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯದ ಇವಾನ್ ಪಾವ್ಲೊವ್ ನಾಯಿಗಳ ಜೊಲ್ಲನ್ನಳೆದು ಕಂಡುಕೊಂಡ ತತ್ತ್ವವು ಅಪರಿಚಿತವೆನಿಸದು. ಅದಕ್ಕಿಂತಲೂ ಮನನೀಯವಾದುದು ಅಮೆರಿಕದ ಬಿ. ಎಫ್. ಸ್ಕಿನ್ನರ್ ತೋರಿಸಿಕೊಟ್ಟ ಸಂಗತಿ: ಪ್ರತಿಸಲವೂ ಫಲ ಕಂಡ ನಡತೆಗಿಂತ ಆಗೊಮ್ಮೆ ಈಗೊಮ್ಮೆ ಫಲ ಕಂಡ ನಡತೆಯೇ, ಫಲವು ಪೂರ್ತಿ ನಿಂತಮೇಲೂ, ಬಹುಕಾಲ ಉಳಿಯುತ್ತದೆ. ಊಟದೆಲೆಯ ಬಳಿ ಗೋಗರೆಯುವ ನಾಯಿಯನ್ನು ಒಂಬತ್ತು ದಿನ ಗದರಿ, ಹತ್ತನೆಯ ದಿನ ಕರುಣೆಯುಕ್ಕಿ ಸಾರಿನಲ್ಲದ್ದಿದ ಮುದ್ದೆಯ ತುಣುಕೊಂದನ್ನೆಸೆದರೆ, ಪಾಪ, ಆ ಮೂಕಜೀವಿಗೆ ನಾವು ಕಲಿಸಿದ್ದು ಹಟವನ್ನೇ. ಆಮೇಲೆ ಅದನ್ನು ಬಡಿಯುವುದು ಅನ್ಯಾಯ. ಅದರ ಬದಲು, ನಾಯಿಯು ದೂರದ ಗೋಣಿಯ ಮೇಲೆ ಸುಮ್ಮನೆ ಕುಳಿತ ಕ್ಷಣದಲ್ಲಿಯೇ ತುತ್ತನ್ನು ಅಲ್ಲಿಗೊಯ್ದು ಕೊಡಬೇಕು. ಕೊಂಚ ತಡವಾಗಿ ನಾಯಿ ಎದ್ದುಬಿಟ್ಟರೆ, ಎದ್ದುದಕ್ಕೇ ಆ ತುತ್ತು ದೊರೆತಂತಾಗುತ್ತದೆ.