ಇವತ್ತು ಕೈ ಹಿಡಿದಿದ್ದು ಯಾವುದು?

ಅಂಗಡೀಲಿ ನಷ್ಟ ಆದ್ರೆ,
ರಾತ್ರಿಯೆಲ್ಲ ಯೋಚಿಸ್ತೀರಿ.
ಲಾಭ ಬಂದ್ರೆ?
ಯಾಕೆ ಬಂತು ಅಂತ ಯೋಚಿಸಿದ್ದೀರಾ?

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗೋ ದಾರಿ.
ನಡುವೆ ಕೌದಳ್ಳಿ.
ಇಲ್ಲಿ ನಿಮ್ಮದೊಂದು ಟೀ ಅಂಗಡಿ ಅಂದ್ಕೊಳ್ಳಿ.

ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿ...
ಬೆಟ್ಟಕ್ಕೆ ಜನ ಹೊರಟ್ರೆ ವ್ಯಾಪಾರ ಜೋರು.
ಅದು ಬೆಟ್ಟದ ಮಾದಪ್ಪ ಕೊಟ್ಟಿದ್ದು.

ಮಿಕ್ಕ ದಿನ ಬರೋರು?
ನಿಮ್ಮ ಹತ್ರಾನೇ ಯಾಕೆ ಬರ್ತಾರೆ?
ಟೀ ರುಚಿಗಾ?
ಮುಂಜಾನೆ ಬೇಗ ಬಾಗಿಲು ತೆಗೀತೀರಿ ಅಂತಾನಾ?
ಅವರನ್ನೇ ಕೇಳಿ.

ರಾಗಿ ಕುಯ್ದಾಗ,
ಒಳ್ಳೇ ತೆನೆ ಆರಿಸಿ ಬೀಜಕ್ಕೆ ಎತ್ತಿಡ್ತೀವಲ್ಲ?
ವ್ಯಾಪಾರಾನೂ ಹಾಗೇ.
ಚೆನ್ನಾಗಿ ನಡೆದದ್ದೇ ಮುಂದಿನ ಬಿತ್ತನೆಗೆ ಬೀಜ.

ರಾತ್ರಿ ಬಾಗಿಲು ಹಾಕೋ ಮುಂಚೆ,
ಲೆಕ್ಕದ ಪುಸ್ತಕದಲ್ಲಿ ಒಂದೇ ಸಾಲು ಬರೀರಿ:
ಇವತ್ತು ಕೈ ಹಿಡಿದಿದ್ದು ಯಾವುದು?