ಸಿದ್ಧಮಾದರಿಯ ಮುಖವಾಡ: ಐರಿಷ್ ಪತ್ರಿಕಾ ಅಂಕಣ ಮತ್ತು ವಸಾಹತೋತ್ತರ ಅಸ್ಮಿತೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ವ್ಯಂಗ್ಯಚಿತ್ರ ಮತ್ತು ರಂಗಭೂಮಿಗಳಲ್ಲಿ ಐರಿಷ್ ಮನುಷ್ಯ ಬಹುಮಟ್ಟಿಗೆ ರಾಕ್ಷಸ, ಇಲ್ಲವೇ ವಿದೂಷಕ. 1882ರಲ್ಲಿ ‘ಪಂಚ್’ ಪತ್ರಿಕೆ ಪ್ರಕಟಿಸಿದ ಜಾನ್ ಟೆನಿಯಲ್‌ರ ‘ದಿ ಐರಿಷ್ ಫ್ರಾಂಕನ್‌ಸ್ಟೈನ್’ ಮೊದಲನೆಯದಕ್ಕೆ ನಿದರ್ಶನ; ಕುಡಿತ, ಹೊಡೆದಾಟ, ಮಾತುಗಾರಿಕೆಗಳ ‘ಸ್ಟೇಜ್ ಐರಿಷ್‌ಮನ್’ ಎರಡನೆಯದಕ್ಕೆ. ಸಾಂಸ್ಕೃತಿಕ ರಾಷ್ಟ್ರೀಯವಾದಿಗಳು ಇದಕ್ಕೆ ಪ್ರತಿಯಾಗಿ ಬಡವನಾದರೂ ಸದ್ಗುಣಿಯಾದ, ಗೇಲಿಕ್ ನುಡಿಯುವ ಪಶ್ಚಿಮ ತೀರದ ರೈತನನ್ನು ಆದರ್ಶವಾಗಿ ನಿಲ್ಲಿಸಿದರು. ಡಿ.ಪಿ. ಮೊರಾನ್ 1900ರಲ್ಲಿ ಆರಂಭಿಸಿದ ‘ದಿ ಲೀಡರ್’ ವಾರಪತ್ರಿಕೆಯು ಇಂಗ್ಲಿಷ್ ನಡೆನುಡಿಗೆ ಒಲಿದ ಸ್ವದೇಶಿಯರನ್ನು ‘ವೆಸ್ಟ್ ಬ್ರಿಟನ್’ ಎಂದು ಜರೆಯಿತು. 1922ರಲ್ಲಿ ಐರಿಷ್ ಸ್ವತಂತ್ರ ರಾಜ್ಯ ಸ್ಥಾಪನೆಯಾದ ಮೇಲೆ ಈ ಆದರ್ಶಕ್ಕೆ ಪ್ರಭುತ್ವದ ಬೆಂಬಲವೂ ದೊರೆಯಿತು.

ಎರಡು ಮಾದರಿಗಳೂ ಒಂದೇ ಅಚ್ಚಿನವು ಎಂಬುದನ್ನು ತೋರಿಸಿದ್ದು ಒಂದು ದಿನಪತ್ರಿಕೆಯ ಅಂಕಣ. ಸರ್ಕಾರಿ ನೌಕರರಾಗಿದ್ದ ಬ್ರಯನ್ ಓ’ನೋಲನ್ 1940ರ ಅಕ್ಟೋಬರ್‌ನಲ್ಲಿ ‘ದಿ ಐರಿಷ್ ಟೈಮ್ಸ್’ನಲ್ಲಿ ‘ಕ್ರುಶ್ಕೀನ್ ಲಾನ್’ (ತುಂಬಿದ ಪುಟ್ಟ ಹೂಜಿ) ಬರೆಯತೊಡಗಿದರು. ಆಂಗ್ಲೋ-ಐರಿಷ್ ಪ್ರೊಟೆಸ್ಟಂಟರ ಮುಖವಾಣಿಯೆಂದೇ ಹೆಸರಾಗಿದ್ದ ಆ ಪತ್ರಿಕೆಯಲ್ಲಿ ಅಂಕಣ ಆರಂಭವಾದದ್ದು ಐರಿಷ್ ಭಾಷೆಯಲ್ಲಿ. ಇಂಗ್ಲಿಷ್ ಮೇಲುಗೈ ಪಡೆದದ್ದು ಅನಂತರ. ಅವರು ಆಯ್ದ ಕಾವ್ಯನಾಮವಂತೂ ಇನ್ನೂ ಕುತೂಹಲಕರ. ಮೈಲ್ಸ್ ನ ಗಾಪಲೀನ್ ಎಂಬುದು ಡಯನ್ ಬೂಸಿಕೋನ 1860ರ ‘ದಿ ಕೊಲೀನ್ ಬಾನ್’ ನಾಟಕದ ಪಾತ್ರ, ಅಂದರೆ ಸಾಕ್ಷಾತ್ ‘ಸ್ಟೇಜ್ ಐರಿಷ್‌ಮನ್’. ಹಳಿಯಲೆಂದು ಕೊಟ್ಟ ಮುಖವಾಡವನ್ನೇ ತೊಟ್ಟು ಹಳಿಯುವ ಅಧಿಕಾರವನ್ನು ಅವರು ಪಡೆದುಕೊಂಡರು.

ಅಂಕಣದಲ್ಲಿ ‘ಐರ್ಲೆಂಡಿನ ಸಾಮಾನ್ಯ ಜನ’ ಎಂಬ ಸಾಮೂಹಿಕ ಪಾತ್ರವೊಂದು ಆಗಾಗ ಲೇಖಕನ ಮಾತಿಗೆ ಅಡ್ಡಬರುತ್ತದೆ. ರಾಜಕಾರಣಿಗಳು ಪೂಜಿಸುವ ಈ ‘ಜನ’ ಇಲ್ಲಿ ಬರಿಯ ಒಣಮಾತಿನ ಗುಂಪು. 1941ರಲ್ಲಿ ಐರಿಷ್‌ನಲ್ಲಿಯೇ ಬಂದ ಅವರ ಕಾದಂಬರಿ ‘ಅನ್ ಬೇಲ್ ಬೊಕ್ಟ್’ನಲ್ಲಂತೂ ಜಾನಪದ ಸಂಗ್ರಾಹಕನೊಬ್ಬ ಹಂದಿಯ ಗುಟುರನ್ನು ಅಪ್ಪಟ ಗೇಲಿಕ್ ಎಂದು ಭಾವಿಸಿ ಧ್ವನಿಮುದ್ರಿಸಿಕೊಳ್ಳುತ್ತಾನೆ. ಇದನ್ನು ಭಾಷಾದ್ವೇಷವೆಂದು ಓದುವುದು ಸಲ್ಲದು. ಐರಿಷ್ ಓ’ನೋಲನ್‌ರ ಮನೆಮಾತಾಗಿತ್ತು. ಅವರ ಸಿಟ್ಟು ಹಳ್ಳಿಗನ ಹಸಿವನ್ನು ಬಿಟ್ಟು ಅವನ ಉಚ್ಚಾರಣೆಯನ್ನಷ್ಟೇ ಆಲಿಸುವ ನಗರದ ಉತ್ಸಾಹಿಗಳ ಮೇಲೆ.

ಡೆಕ್ಲನ್ ಕೈಬರ್ಡ್ ‘ಇನ್ವೆಂಟಿಂಗ್ ಐರ್ಲೆಂಡ್’ (1995) ಕೃತಿಯಲ್ಲಿ, ಇಂಗ್ಲೆಂಡ್ ತನ್ನದಲ್ಲದ ಗುಣಗಳನ್ನೆಲ್ಲ ಐರ್ಲೆಂಡಿಗೆ ಆರೋಪಿಸಿ ತನ್ನನ್ನು ನಿರೂಪಿಸಿಕೊಂಡ ಬಗೆಯನ್ನು ಚರ್ಚಿಸುತ್ತಾರೆ. ಆ ಆರೋಪಕ್ಕೆ ಉತ್ತರಿಸುವುದೇ ಅಸ್ಮಿತೆಯಾದಾಗ ಪ್ರಶ್ನೆ ಕೇಳಿದವನ ನೆರಳು ಉತ್ತರದಲ್ಲಿಯೂ ಉಳಿಯುತ್ತದೆ. 2010ರ ನವೆಂಬರ್ 18ರಂದು, ಅಂತರರಾಷ್ಟ್ರೀಯ ಸಾಲದ ನೆರವು ಸನ್ನಿಹಿತವಾಗಿದ್ದಾಗ, ಅದೇ ‘ಐರಿಷ್ ಟೈಮ್ಸ್’ನ ಸಂಪಾದಕೀಯ 1916ರ ಹುತಾತ್ಮರನ್ನು ನೆನೆಯಿತು. ಅದರ ಶೀರ್ಷಿಕೆ, 1913ರಲ್ಲಿ ಆ ಪತ್ರಿಕೆಯಲ್ಲಿಯೇ ಮೊದಲು ಅಚ್ಚಾದ ಯೇಟ್ಸ್‌ರ ಕವಿತೆಯಿಂದ ಎರವಲು ಪಡೆದದ್ದು. ಆದರೆ ಸಾರ್ವಭೌಮತ್ವವನ್ನು ಯಾರೂ ಕಸಿದುಕೊಂಡಿಲ್ಲ, ಐರಿಷರೇ ಅದನ್ನು ಪೋಲುಮಾಡಿದ್ದಾರೆ ಎಂದು ಆ ಸಂಪಾದಕೀಯ ಬರೆಯಿತು.