ತಿಂದದ್ದೆಷ್ಟು, ಮೈಗೆ ಹತ್ತಿದ್ದೆಷ್ಟು?

ಬೆಂಗಳೂರಿನ ಮಡಿವಾಳ ಮಾರುಕಟ್ಟೆಯಲ್ಲೋ ಜೆ.ಪಿ. ನಗರದ ಮೂಲೆಯಂಗಡಿಯಲ್ಲೋ ಭಾನುವಾರ ತಕ್ಕಡಿಗೆ ಬೀಳುವ ಎರಡು ಕಿಲೋ ಬ್ರಾಯ್ಲರ್ ಕೋಳಿಗೆ ಹೆಚ್ಚೆಂದರೆ ಆರು ವಾರ ವಯಸ್ಸು. ಮೊಟ್ಟೆಯೊಡೆದು ಬಂದಾಗ ನಲವತ್ತು ಗ್ರಾಂ ತೂಗುತ್ತಿದ್ದ ಮರಿ ಈ ಗಾತ್ರಕ್ಕೆ ಬರಲು ತಿಂದದ್ದು ಸುಮಾರು ಮೂರೂವರೆ ಕಿಲೋ ಆಹಾರ. ಅದರಲ್ಲಿ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯದೇ ದೊಡ್ಡ ಪಾಲು. ಮೇಲಿಂದ ಬೆರೆಸಿದ ಸತು ಒಂದು ಗ್ರಾಮಿನ ಮೂರನೇ ಒಂದು ಭಾಗ. ಸೆಲೆನಿಯಂ ಅಂತೂ ಇಡೀ ಆಯುಷ್ಯಕ್ಕೆ ಒಂದೇ ಒಂದು ಮಿಲಿಗ್ರಾಂ. ಆ ಒಂದು ಮಿಲಿಗ್ರಾಂ ಪೂರ್ತಿ ತಪ್ಪಿದರೆ ಮಿಕ್ಕ ಮೂರೂವರೆ ಕಿಲೋ ದಂಡವಾಗಬಹುದು.

ಇಷ್ಟು ಬೇಗ ಬೆಳೆಯುವ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆ ಎಂಬ ಮಾತು ನಮ್ಮಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ಆದರೆ ಗುಟ್ಟು ಇರುವುದು ತಳಿಯಲ್ಲಿ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು 1957ರ, 1978ರ ಮತ್ತು 2005ರ ತಳಿಗಳನ್ನು ಒಂದೇ ಬಗೆಯ ಆಹಾರ ಕೊಟ್ಟು ಒಟ್ಟಿಗೆ ಸಾಕಿ, 2014ರಲ್ಲಿ ಲೆಕ್ಕ ಪ್ರಕಟಿಸಿದರು. ಐವತ್ತಾರನೇ ದಿನಕ್ಕೆ 1957ರ ತಳಿ 905 ಗ್ರಾಂ ಇತ್ತು, 2005ರದು 4.2 ಕಿಲೋ. ಆಹಾರ ಒಂದೇ, ಹೊಟ್ಟೆ ಬೇರೆ. ಆದರೆ ಮಾಂಸ ಬೆಳೆಯುವ ಈ ಓಟಕ್ಕೆ ಮೂಳೆ, ಕೀಲು, ಚರ್ಮ, ರಕ್ತನಾಳಗಳೂ ಹೆಜ್ಜೆ ಹಾಕಬೇಕಲ್ಲ? ಅಲ್ಲಿ ಕೆಲಸಕ್ಕೆ ಬರುವುದು ಸತು, ಮ್ಯಾಂಗನೀಸ್, ತಾಮ್ರ, ಕಬ್ಬಿಣ, ಅಯೋಡಿನ್, ಸೆಲೆನಿಯಂಗಳೆಂಬ ಲಘು ಖನಿಜಗಳು.

ನಾಟಿ ಕೋಳಿಗೆ ಇವನ್ನು ಯಾರೂ ಅಳೆದು ಕೊಡುವುದಿಲ್ಲ. ಅದು ತಿಪ್ಪೆ ಕೆದಕುತ್ತದೆ, ಹುಳ ಹೆಕ್ಕುತ್ತದೆ, ಸೊಪ್ಪು ಕುಕ್ಕುತ್ತದೆ, ಜೊತೆಗೆ ಒಂದಿಷ್ಟು ಮಣ್ಣನ್ನೂ ನುಂಗುತ್ತದೆ. ಶೆಡ್ಡಿನಲ್ಲಿ ಭತ್ತದ ಹೊಟ್ಟಿನ ಮೇಲೆ ಬೆಳೆಯುವ ಫಾರಂ ಕೋಳಿಗೆ ಆ ದಾರಿ ಇಲ್ಲ. ತಟ್ಟೆಯಲ್ಲಿ ಏನಿದೆಯೋ ಅಷ್ಟೇ.

ಕೋಳಿಯನ್ನು ಮಣ್ಣಿನಿಂದ ದೂರ ಮಾಡಿದ ಮೇಲೆಯೇ ವಿಜ್ಞಾನಿಗಳಿಗೆ ಈ ಖನಿಜಗಳ ಬೆಲೆ ತಿಳಿದದ್ದು. 1930ರ ದಶಕದಲ್ಲಿ ಅಮೆರಿಕದಲ್ಲಿ ಮರಿಗಳನ್ನು ಒಳಗೇ ಕೂಡಿಟ್ಟು ಸಾಕುವ ಪದ್ಧತಿ ಹಬ್ಬಿದಾಗ ಕಾಲು ಸೊಟ್ಟಗಾಗುವ ಕಾಯಿಲೆಯೂ ಹಬ್ಬಿತು. ಅಂಗಡಿಯವರು ಕೋಳಿಯ ಪಾದ ಕತ್ತರಿಸಲು ಕತ್ತಿ ಇಡುವ ಗಂಟು ಇದೆಯಲ್ಲ, ಅದರ ಹಿಂಬದಿಯಲ್ಲಿ ಮೂಳೆಗೆ ಒಂದು ಸಣ್ಣ ತೋಡು ಇರುತ್ತದೆ. ಆ ತೋಡಿನಲ್ಲಿ ದಪ್ಪ ಬಿಳಿ ಸ್ನಾಯುರಜ್ಜು ಜಾರದಂತೆ ಕೂತು ಇಡೀ ಕಾಲನ್ನು ಹಿಂದಕ್ಕೆಳೆಯುತ್ತದೆ. ಕಾಯಿಲೆ ಬಿದ್ದ ಮರಿಯಲ್ಲಿ ಗಂಟು ಊದಿ, ಮೂಳೆ ಬಾಗಿ, ಮೋಟಾಗುತ್ತಿತ್ತು. ಸ್ನಾಯುರಜ್ಜು ತೋಡಿನಿಂದ ಪಕ್ಕಕ್ಕೆ ಜಾರಿದರೆ ಮುಗಿಯಿತು, ಕಾಲು ಅಡ್ಡಕ್ಕೆ ತಿರುಗಿ ಮರಿ ಮತ್ತೆ ಏಳುತ್ತಿರಲಿಲ್ಲ. ತಟ್ಟೆ ಎರಡಡಿ ದೂರದಲ್ಲಿದ್ದರೂ ಹಸಿವಿನಿಂದ ಸಾಯುತ್ತಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದ ವಿಲ್ಗಸ್, ನಾರಿಸ್ ಮತ್ತು ಹ್ಯೂಸರ್ 1936ರಲ್ಲಿ ಇದಕ್ಕೆ ಮ್ಯಾಂಗನೀಸ್ ಕೊರತೆಯೇ ಮುಖ್ಯ ಕಾರಣವೆಂದು ತೋರಿಸಿದರು. ಎಳೆಯ ಮೂಳೆಯ ತುದಿಯಲ್ಲಿರುವ ಮೆತ್ತನೆ ಮೂಳೆಯನ್ನು ಕಟ್ಟುವ ಕಿಣ್ವಗಳು ಮ್ಯಾಂಗನೀಸ್ ಇಲ್ಲದೆ ಕೆಲಸ ಮಾಡುವುದಿಲ್ಲ. ಆ ಅಚ್ಚು ಸರಿಯಿಲ್ಲದಿದ್ದರೆ ಎಷ್ಟು ಕ್ಯಾಲ್ಸಿಯಂ ತುಂಬಿದರೂ ಮೂಳೆ ನೆಟ್ಟಗಾಗದು. ಕ್ಯಾಲ್ಸಿಯಂ, ರಂಜಕ ಅತಿಯಾದರೆ ಮ್ಯಾಂಗನೀಸ್ ಒಳಸೇರುವುದಕ್ಕೇ ತಡೆಯಾಗಿ ಕಾಯಿಲೆ ಹೆಚ್ಚುತ್ತದೆ ಎನ್ನುವುದೂ ಆಗಲೇ ಗೊತ್ತಾಯಿತು.

ಸತುವಿನ ಕತೆ ಇನ್ನೂ ತಿರುವಿನದು. 1950ರ ದಶಕದ ಕೊನೆಗೆ ಅಮೆರಿಕದ ಮಿಸೌರಿಯಲ್ಲಿ ಓಡೆಲ್ ಮತ್ತು ಸ್ಯಾವೇಜ್ ಎಂಬ ವಿಜ್ಞಾನಿಗಳು ಸೋಯಾ ಆಹಾರ ತಿಂದ ಮರಿಗಳಿಗೆ ಸತುವಿನ ಕೊರತೆಯಾಗುವುದನ್ನು ಗಮನಿಸಿದರು. ಪುಕ್ಕ ಕೆದರುತ್ತದೆ, ಪಾದದ ಚರ್ಮ ಒರಟಾಗಿ ಬಿರಿಯುತ್ತದೆ, ಮೂಳೆ ಗಿಡ್ಡಾಗುತ್ತದೆ. ಸೋಯಾದಲ್ಲಿ ಸತು ಇಲ್ಲವೆಂದಲ್ಲ, ಇದೆ. ಆದರೆ ಕಾಳುಗಳು ಮೊಳಕೆಯ ಖರ್ಚಿಗೆಂದು ರಂಜಕವನ್ನು ಫೈಟಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟಿರುತ್ತವೆ. ಅದರ ಒಂದೊಂದು ಅಣುವಿಗೂ ಆರು ರಂಜಕದ ಕೈಗಳು. ಕರುಳಿನಲ್ಲಿ ಅವು ಸತುವನ್ನು ಬಾಚಿ ಹಿಡಿದು ಬಿಡದೆ ಹಿಕ್ಕೆಯವರೆಗೂ ಕೊಂಡೊಯ್ಯುತ್ತವೆ. ಮನುಷ್ಯರಲ್ಲೂ ಹೀಗಾಗುತ್ತದೆ ಎನ್ನುವುದು ತಿಳಿದದ್ದು ಇದಾದ ಮೇಲೆ. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ ಇರಾನಿನ ಶಿರಾಜ್‌ನಲ್ಲಿ ರೊಟ್ಟಿಯೇ ಮುಖ್ಯ ಆಹಾರವಾಗಿದ್ದ ಕುಳ್ಳ ಯುವಕರನ್ನು ಪರೀಕ್ಷಿಸಿ, 1960ರ ದಶಕದ ಆರಂಭದಲ್ಲಿ ಸತುವಿನ ಕೊರತೆಯ ಕಡೆಗೆ ಬೆರಳು ತೋರಿಸಿದರು. ನಮ್ಮ ಅಡುಗೆಮನೆಗಳಲ್ಲಿ ಹೆಸರುಕಾಳು, ಹುರುಳಿ, ರಾಗಿಯನ್ನು ನೆನೆಹಾಕಿ ಮೊಳಕೆ ಕಟ್ಟುವಾಗ ಕಾಳಿನೊಳಗಿನ ಫೈಟೇಸ್ ಎಂಬ ಕಿಣ್ವ ಎದ್ದು ಈ ಹಿಡಿತವನ್ನು ಸಡಿಲಿಸುತ್ತದೆ. ಕೋಳಿಗೆ ಮೊಳಕೆ ಕಟ್ಟಿ ಕೊಡುವವರಿಲ್ಲ. ಅದಕ್ಕೇ 1990ರ ದಶಕದಿಂದ ಕಾರ್ಖಾನೆಯಲ್ಲಿ ತಯಾರಾದ ಫೈಟೇಸನ್ನು ಆಹಾರಕ್ಕೇ ಬೆರೆಸುವ ರೂಢಿ ಬಂದಿದೆ.

ಸೆಲೆನಿಯಂ ಮೊದಲು ಹೆಸರು ಮಾಡಿದ್ದು ವಿಷವಾಗಿ. ಸೆಲೆನಿಯಂ ಹೆಚ್ಚಿರುವ ಮಣ್ಣಿನ ಮೇವು ತಿಂದ ದನಕರುಗಳ ಗೊರಸು ಕಳಚುತ್ತಿತ್ತು. ನಮ್ಮ ಪಂಜಾಬಿನ ನವಾನ್‌ಶಹರ, ಹೋಶಿಯಾರ್‌ಪುರದ ಕೆಲವು ಹಳ್ಳಿಗಳಲ್ಲಿ ಈ ತೊಂದರೆ ದಾಖಲಾಗಿದೆ. 1957ರಲ್ಲಿ ಕ್ಲಾಸ್ ಶ್ವಾರ್ಜ್ ಮತ್ತು ಜೊತೆಗಾರರು ಇದೇ ವಿಷ ಅತಿ ಕಡಿಮೆ ಪ್ರಮಾಣದಲ್ಲಿ ಇಲಿಯ ಯಕೃತ್ತನ್ನೂ ಕೋಳಿಮರಿಯ ರಕ್ತನಾಳಗಳನ್ನೂ ಕಾಯುತ್ತದೆಂದು ಕಂಡರು. ಆದರೂ ಅಂಜಿಕೆ ಬಿಡಲಿಲ್ಲ. ಕೋಳಿ ಆಹಾರಕ್ಕೆ ಸೆಲೆನಿಯಂ ಬೆರೆಸಲು ಅಮೆರಿಕ ಸರ್ಕಾರ ಒಪ್ಪಿದ್ದು 1974ರಲ್ಲಿ.

ಅಂಜಿಕೆಗೆ ಕಾರಣ ಪ್ರಮಾಣ. ಟನ್ನಿಗೆ 0.3 ಗ್ರಾಂ ಸೆಲೆನಿಯಂ ಬೆರೆಸಬೇಕೆಂದರೆ ಚಿಟಿಕೆ ತೆಗೆದು ಮಿಕ್ಸರಿಗೆ ಎಸೆದರೆ ಆಗದು, ಒಂದು ಮೂಟೆಗೆ ಎಲ್ಲ ಬಿದ್ದು ಮಿಕ್ಕ ಹತ್ತೊಂಬತ್ತಕ್ಕೆ ಏನೂ ಸಿಗದೆ ಹೋಗಬಹುದು. ಆದ್ದರಿಂದ ಮೊದಲು ಅದನ್ನು ಸುಣ್ಣಕಲ್ಲಿನ ಪುಡಿಯಲ್ಲೋ ಎಣ್ಣೆ ತೆಗೆದ ತೌಡಿನಲ್ಲೋ ಬೆರೆಸಿ ಹಿಗ್ಗಿಸುತ್ತಾರೆ, ಆ ಮಿಶ್ರಣವನ್ನು ಇನ್ನಷ್ಟರಲ್ಲಿ, ಅದನ್ನು ಮತ್ತಷ್ಟರಲ್ಲಿ. ಇದೇ ಪ್ರೀಮಿಕ್ಸ್. ವಿಟಮಿನ್‌ಗಳ ಚೀಲ ಬೇರೆ, ಖನಿಜದ ಚೀಲ ಬೇರೆ. ತಾಮ್ರದ ಸಲ್ಫೇಟು, ಕಬ್ಬಿಣದ ಸಲ್ಫೇಟುಗಳನ್ನು ವಿಟಮಿನ್ ಜೊತೆ ಒಂದೇ ಚೀಲದಲ್ಲಿಟ್ಟರೆ, ಅದೂ ತೇವ ಹಿಡಿದರೆ, ತಿಂಗಳು ಕಳೆಯುವುದರಲ್ಲಿ ವಿಟಮಿನ್ ಸತ್ವ ಕಳೆದುಕೊಳ್ಳುತ್ತದೆ.

ಹಾಗಾದರೆ ಎಷ್ಟು ಬೇಕು? ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಕೊಟ್ಟ ಪಟ್ಟಿ ಈಗಲೂ ಜಗತ್ತಿನ ಪಠ್ಯಪುಸ್ತಕಗಳಲ್ಲಿದೆ: ಕಿಲೋ ಆಹಾರಕ್ಕೆ ಸತು 40 ಮಿಲಿಗ್ರಾಂ, ಮ್ಯಾಂಗನೀಸ್ 60, ತಾಮ್ರ 8, ಕಬ್ಬಿಣ 80, ಅಯೋಡಿನ್ 0.35, ಸೆಲೆನಿಯಂ 0.15. ತಳಿ ಕಂಪನಿಗಳ ಇಂದಿನ ಕೈಪಿಡಿ ತೆರೆದರೆ ಸತು 100ರ ಮೇಲಿದೆ, ಮ್ಯಾಂಗನೀಸ್ 120ರ ಆಸುಪಾಸಿನಲ್ಲಿದೆ, ಸೆಲೆನಿಯಂ ಎರಡು ಪಟ್ಟಾಗಿದೆ. ಹಕ್ಕಿ ಬದಲಾಗಿದೆ ಎನ್ನುವುದು ಒಂದು ಕಾರಣ. ಇನ್ನೊಂದು, ಖನಿಜ ಅಗ್ಗ, ಕಾಲು ಮುರಿದ ಕೋಳಿ ದುಬಾರಿ. ಮೆಕ್ಕೆಜೋಳ, ಸೋಯಾಗಳಲ್ಲಿ ಸಹಜವಾಗಿಯೇ ಇರುವ ಸತುವನ್ನು ಲೆಕ್ಕಕ್ಕೇ ಹಿಡಿಯದೆ, ಬೇಕಾದದ್ದನ್ನೆಲ್ಲ ಮೇಲಿನಿಂದಲೇ ಸುರಿಯುವುದು ಆಹಾರ ತಯಾರಕರ ಸಾಮಾನ್ಯ ಪದ್ಧತಿ. ಕಡಿಮೆಯಾದರೆ ಬೈಗುಳ, ಹೆಚ್ಚಾದರೆ ಯಾರೂ ಕೇಳುವುದಿಲ್ಲ.

ಇದಕ್ಕಿಂತ ಜಾಣ ದಾರಿಯ ಒಂದು ಮಾದರಿ ದಕ್ಷಿಣ ಬೆಂಗಳೂರಿನವರ ಪಕ್ಕದಲ್ಲೇ ಇದೆ. ಜಯನಗರದ ಕಡೆಯಿಂದ ಡೈರಿ ಸರ್ಕಲ್ ದಾಟಿ ಹೊಸೂರು ರಸ್ತೆ ಹಿಡಿದರೆ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಸಿಗುತ್ತದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಈ ಸಂಸ್ಥೆ ಶುರುವಾದದ್ದು 1995ರಲ್ಲಿ. ಅದರ ವಿಜ್ಞಾನಿಗಳು ಬೇರೆ ಬೇರೆ ಕೃಷಿ ವಲಯಗಳ ಮಣ್ಣು, ಮೇವು ಮತ್ತು ದನಗಳ ರಕ್ತವನ್ನು ಪರೀಕ್ಷಿಸಿ, ಆಯಾ ಪ್ರದೇಶದಲ್ಲಿ ಯಾವ ಖನಿಜ ಕೊರತೆಯೋ ಅದನ್ನಷ್ಟೇ ತುಂಬುವ ಪ್ರದೇಶಾಧಾರಿತ ಖನಿಜ ಮಿಶ್ರಣಗಳನ್ನು ರೂಪಿಸಿದ್ದಾರೆ. ಹಸು ತನ್ನೂರಿನ ಹುಲ್ಲು ತಿನ್ನುವುದರಿಂದ ಅದರ ಕೊರತೆಗೊಂದು ಊರಿದೆ. ಬ್ರಾಯ್ಲರ್ ಕೋಳಿಗೆ ಊರಿಲ್ಲ. ಅದು ತಿನ್ನುವ ಮೆಕ್ಕೆಜೋಳ ದಾವಣಗೆರೆಯದಾಗಿರಬಹುದು, ಸೋಯಾ ಮಧ್ಯಪ್ರದೇಶದ್ದು. ಹಾಗಿದ್ದರೂ ಪಾಠ ಒಂದೇ: ಮೊದಲು ಅಳೆಯಿರಿ, ಆಮೇಲೆ ಬೆರೆಸಿ.

ಅಳೆಯುವಾಗ ರೂಪವನ್ನೂ ನೋಡಬೇಕು. ಸತುವಿನ ಆಕ್ಸೈಡಿನಲ್ಲಿ ಮುಕ್ಕಾಲು ಪಾಲು ಸತುವೇ, ಕೋಳಿ ಆಹಾರಕ್ಕೆ ಬಳಸುವ ಸಲ್ಫೇಟಿನಲ್ಲಿ ಸುಮಾರು ಮೂರನೇ ಒಂದು. ಚೀಟಿ ಓದಿದವರಿಗೆ ಆಕ್ಸೈಡೇ ಲಾಭವೆನಿಸುತ್ತದೆ. ಆದರೆ ಅದು ನೀರಿನಲ್ಲಿ ಸುಲಭವಾಗಿ ಕರಗದು, ಕೋಳಿಯ ಮೈಗೆ ಹತ್ತುವುದು ಸಲ್ಫೇಟಿಗಿಂತ ಕಡಿಮೆ. ಮೆಥಿಯೋನಿನ್, ಗ್ಲೈಸಿನ್‌ನಂಥ ಅಮೈನೋ ಆಮ್ಲಕ್ಕೆ ಸತುವನ್ನು ಕಟ್ಟಿದ ಸಾವಯವ ಖನಿಜಗಳು ಮೂರನೇ ಬಗೆ. ಜೊತೆಗಾರ ಮೊದಲೇ ಸಿಕ್ಕಿರುವುದರಿಂದ ಇದು ಫೈಟಿಕ್ ಆಮ್ಲದ ಕೈಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹೀಗೆ ಕೊಟ್ಟಾಗ ಕಡಿಮೆ ಪ್ರಮಾಣದಲ್ಲೂ ಕೋಳಿಗಳು ಅಷ್ಟೇ ಚೆನ್ನಾಗಿ ಬೆಳೆದದ್ದನ್ನು ಹಲವು ಪ್ರಯೋಗಗಳು ತೋರಿಸಿವೆ. ಬೆಲೆ ಮಾತ್ರ ಹೆಚ್ಚು. ಹೆಚ್ಚು ಬೆಲೆ ಕೊಟ್ಟು, ಪ್ರಮಾಣವನ್ನೂ ಮೊದಲಿನಷ್ಟೇ ಇಟ್ಟರೆ ಏನೂ ಉಳಿಯದು.

ಮೈಗೆ ಹತ್ತದ್ದು ಎಲ್ಲಿಗೆ ಹೋಗುತ್ತದೆ? ಹತ್ತು ಸಾವಿರ ಕೋಳಿಗಳ ಒಂದು ಬ್ಯಾಚು 35 ಟನ್ ಆಹಾರ ತಿನ್ನುತ್ತದೆ. ಕಿಲೋಗೆ 100 ಮಿಲಿಗ್ರಾಂ ಲೆಕ್ಕದಲ್ಲಿ ಅದರೊಳಗೆ ಮೂರೂವರೆ ಕಿಲೋ ಸತು. ಬಹುಪಾಲು ಹಿಕ್ಕೆಯಲ್ಲಿ ಇಳಿದು ಹೊಟ್ಟಿನ ಜೊತೆ ಗೊಬ್ಬರವಾಗುತ್ತದೆ. ಇದು ಬರೀ ಕೆಟ್ಟ ಸುದ್ದಿಯಲ್ಲ. ಕರ್ನಾಟಕದ ಬಹಳಷ್ಟು ಹೊಲಗಳಿಗೆ ಸತುವಿನ ಕೊರತೆಯಿದೆ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಗಂಧಕ, ಬೋರಾನ್‌ಗಳ ಜೊತೆ ಸತುವಿನ ಕೊರತೆಯೂ ಎದ್ದು ಕಂಡಿತ್ತು. ಕೊರತೆಯಿರುವ ಹೆಕ್ಟೇರಿಗೆ ರೈತರು 25 ಕಿಲೋ ಜಿಂಕ್ ಸಲ್ಫೇಟ್ ಹಾಕುವುದುಂಟು, ನೀರಿನಂಶ ಹೆಚ್ಚಿರುವ ಈ ಬಗೆಯ ಸಲ್ಫೇಟಿನಲ್ಲಿ ಸತು ಐದು ಕಿಲೋ ಚಿಲ್ಲರೆ. ಒಂದು ಬ್ಯಾಚಿನ ಗೊಬ್ಬರ ಅದರ ಅರ್ಧದಷ್ಟನ್ನಾದರೂ ಬಿಟ್ಟಿಯಾಗಿ ಕೊಡುತ್ತದೆ. ತೊಂದರೆ ಬರುವುದು ಶೆಡ್ಡಿನ ಪಕ್ಕದ ಅದೇ ತೋಟಕ್ಕೆ ವರ್ಷಕ್ಕೆ ಐದಾರು ಬ್ಯಾಚಿನ ಗೊಬ್ಬರ ಸುರಿದಾಗ. ಸಾರಜನಕವನ್ನು ಬೆಳೆ ಹೀರುತ್ತದೆ, ಸತು ಮತ್ತು ತಾಮ್ರ ಮಣ್ಣಿನಲ್ಲಿ ಕೂತೇ ಇರುತ್ತವೆ.

ತಾಮ್ರದ್ದು ಇನ್ನೊಂದು ಚಿಂತೆ. ಅಗತ್ಯಕ್ಕಿಂತ ಹತ್ತಾರು ಪಟ್ಟು ಕೊಟ್ಟರೆ ಅದು ಕರುಳಿನ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕಿ ಬೆಳವಣಿಗೆ ಹೆಚ್ಚಿಸುತ್ತದೆ. ಪ್ರತಿಜೀವಕಗಳಿಗೆ ಕಡಿವಾಣ ಬೀಳುತ್ತಿರುವ ಕಾಲದಲ್ಲಿ (ಕೊಲಿಸ್ಟಿನ್ ಎಂಬ ಔಷಧವನ್ನು ಭಾರತ 2019ರಲ್ಲಿ ಕೋಳಿ, ಜಾನುವಾರುಗಳಿಗೆ ನಿಷೇಧಿಸಿತು) ಈ ಆಸೆ ಹುಟ್ಟುವುದು ಸಹಜ. ಆದರೆ ತಾಮ್ರವನ್ನು ತಾಳಿಕೊಳ್ಳುವ ಜೀನುಗಳೂ ಔಷಧಿಗೆ ಬಗ್ಗದ ಜೀನುಗಳೂ ಬ್ಯಾಕ್ಟೀರಿಯಾಗಳಲ್ಲಿ ಅನೇಕ ಸಲ ಜೋಡಿಯಾಗಿಯೇ ಓಡಾಡುತ್ತವೆ. ಒಂದನ್ನು ಸಾಕಿದರೆ ಇನ್ನೊಂದೂ ಬೆಳೆಯುತ್ತದೆ. ಯುರೋಪಿಯನ್ ಒಕ್ಕೂಟ ಕೋಳಿ ಆಹಾರದಲ್ಲಿ ಸತು ಕಿಲೋಗೆ 120 ಮಿಲಿಗ್ರಾಂ, ತಾಮ್ರ 25 ಮಿಲಿಗ್ರಾಂ ಮೀರಬಾರದೆಂದು ಗೆರೆ ಎಳೆದಿರುವುದರ ಹಿಂದೆ ಮಣ್ಣಿನ ಚಿಂತೆಯೂ ಇದೆ, ಈ ಚಿಂತೆಯೂ ಇದೆ.

ತಿನ್ನುವವರಿಗೆ ಇದರಿಂದ ಏನು? ತೊಡೆ ಮಾಂಸ ಕೆಂಪಗಿರುವುದು ಸುಮ್ಮನೆ ಅಲ್ಲ, ಎದೆ ಮಾಂಸಕ್ಕಿಂತ ಅದರಲ್ಲಿ ಕಬ್ಬಿಣ, ಸತು ಎರಡೂ ಹೆಚ್ಚು. ಬೋನ್‌ಲೆಸ್ ಎದೆ ಮಾಂಸವನ್ನೇ ಕೇಳುವವರು ಇದನ್ನು ನೆನಪಿಡಬೇಕು. ಸಾರಿನಲ್ಲಿ ಬೆಂದ ಕಾಲು ಮೂಳೆಯ ತುದಿ ಕಪ್ಪಾಗಿ ಕಂಡರೆ ಕೋಳಿ ಹಳಸಿದೆಯೆಂದು ಅಂಗಡಿಯವರ ಮೇಲೆ ಹೋಗಬೇಕಿಲ್ಲ. ಎಳೆ ಕೋಳಿಯ ಮೂಳೆ ಇನ್ನೂ ಸಡಿಲ. ಮಜ್ಜೆಯೊಳಗಿನ ರಕ್ತದ ಬಣ್ಣ ರಂಧ್ರಗಳಿಂದ ಹೊರಬಂದು, ಬೆಂದಾಗ ಕಪ್ಪಾಗುತ್ತದೆ. ಆರು ವಾರದ ಮೂಳೆ ಎರಡು ಕಿಲೋ ಹೊತ್ತಿರುವುದರ ಗುರುತು ಅದು.

ಕೋಳಿ ಸಾಕುವವರ ಮುಂದಿರುವ ಕೆಲಸ ಇನ್ನೂ ನೇರ. ಆಹಾರದ ಚೀಲದ ಮೇಲೆ ಖನಿಜ ಎಷ್ಟಿದೆ ಎನ್ನುವುದರ ಜೊತೆಗೆ ಯಾವ ರೂಪದಲ್ಲಿದೆ ಎಂದು ಕೇಳಬೇಕು, ಫೈಟೇಸ್ ಇದೆಯೇ ಎಂದು ಕೇಳಬೇಕು. ಗೊಬ್ಬರ ಕೊಳ್ಳುವ ರೈತರು ಅದನ್ನು ಹಾಕುವ ಮೊದಲು ಮಣ್ಣು ಪರೀಕ್ಷೆಯ ಚೀಟಿ ನೋಡಿ, ಸತು ಸಾಕಷ್ಟಿರುವ ತೋಟ ಬಿಟ್ಟು ಇಲ್ಲದ ಹೊಲಕ್ಕೆ ಸಾಗಿಸಬೇಕು. ಒಂದೇ ಸತುವನ್ನು ಕೋಳಿಗೊಮ್ಮೆ, ಹೊಲಕ್ಕೊಮ್ಮೆ ಎರಡೆರಡು ಸಲ ದುಡ್ಡು ಕೊಟ್ಟು ಕೊಳ್ಳುವುದು ಆಗ ತಪ್ಪುತ್ತದೆ.